ಬಾಸೆಲ್ ಮಿಶನ್ ಮತ್ತು ಕುಟುಂಬ ವ್ಯವಸ್ಥೆ: ಕನ್ನಡ ನಾಡಿನ ಮಿಶನ್ ಕೇಂದ್ರಗಳನ್ನು ಕುರಿತು

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬಾಸೆಲ್ ಮಿಶನ್ನಿಗೆ ಖಚಿತವಾದ ಸ್ಥಾನವಿದೆ. ೧೮೪೩ರ ಜುಲೈ ೧ರಂದು ಆರಂಭವಾದ 'ಮಂಗಳೂರ ಸಮಾಚಾರ', 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಕಲ್ಲಚ್ಚಿನ ಮೂಲಕ ಹೊರಬಂದ ಪ್ರಾಚೀನ ಕೃತಿಗಳು, ೧೮೯೪ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಇವು ಕನ್ನಡ ಅಧ್ಯಯನಕಾರರಿಗೆಲ್ಲ ಪರಿಚಿತವಾದ ಸಂಗತಿಗಳು. ಮೊಗ್ಲಿಂಗ್, ವೈಗ್ಲೆ, ಕಿಟೆಲ್ ಮೊದಲಾದವರ ಸಾಧನೆಯನ್ನು ಕುರಿತು ವಿಪುಲವಾಗಿ ಬರೆಯಲಾಗಿದೆ. ಆದರೆ ಈ ಬರವಣಿಗೆಯಲ್ಲಿ ಮಿಶನರಿಯು ಪ್ರಾಯಶಃ ಒಂಟಿ ವಿದ್ವಾಂಸನಾಗಿಯೇ ಕಾಣಿಸಿಕೊಳ್ಳುತ್ತಾನೆ. ಆತನ ಮೇಜು, ಹಸ್ತಪ್ರತಿ, ಮುದ್ರಣಯಂತ್ರಗಳು ಕಾಣುತ್ತವೆ. ಆತನ ಮನೆ ಕಾಣುವುದಿಲ್ಲ. ವಾಸ್ತವವಾಗಿ ಬಾಸೆಲ್ ಮಿಶನ್ ಕರಾವಳಿಯಿಂದ ಘಟ್ಟದ ಮೇಲಿನ ದೂರದ ಪ್ರದೇಶಗಳಿಗೆ ಹಬ್ಬಿದ್ದು ಮನೆಗಳ ಮೂಲಕ. ಆ ಮನೆಗಳನ್ನು ಕಟ್ಟಿದ್ದೂ, ಬೇಕೆನಿಸಿದಾಗ ಬೇರ್ಪಡಿಸಿದ್ದೂ ಬಾಸೆಲ್ ನಗರದಲ್ಲಿ ಕುಳಿತ ಆಡಳಿತ ಸಮಿತಿಯೇ. ತನ್ನ ಮಿಶನರಿಗಳಿಂದ ಪಡೆದ ಈ ಬೆಲೆಯನ್ನು ಮಿಶನ್, ಬೇರೊಂದು ರೂಪದಲ್ಲಿ, ಇಲ್ಲಿನ ಮತಾಂತರಿತರಿಂದಲೂ ಪಡೆಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕೇಂದ್ರಗಳ ವಿಸ್ತರಣೆ

೧೮೧೫ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿಗೆ ಭಾರತದ ಬಾಗಿಲು ತೆರೆದದ್ದು ೧೮೩೩ರ ಚಾರ್ಟರ್ ಕಾಯಿದೆಯಿಂದ. ಬ್ರಿಟಿಷರಲ್ಲದ ಮಿಶನರಿಗಳೂ ಕಂಪನಿಯ ಆಡಳಿತ ಪ್ರದೇಶದಲ್ಲಿ ಕೆಲಸ ಮಾಡಲು ಅದು ಅವಕಾಶ ನೀಡಿತು. ಮರುವರ್ಷವೇ, ೧೮೩೪ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಮುಂದಿನ ಎರಡು ದಶಕಗಳಲ್ಲಿ ಧಾರವಾಡ (೧೮೩೭), ಹುಬ್ಬಳ್ಳಿ (೧೮೩೯), ಗದಗಿನ ಬಳಿಯ ಬೆಟಗೇರಿ (೧೮೪೧), ಮೂಲ್ಕಿ (೧೮೪೫), ನೀಲಗಿರಿಯ ಕೇತಿ (೧೮೪೬), ಗುಳೇದಗುಡ್ಡ (೧೮೫೧), ಕೊಡಗು (೧೮೫೩), ಉಡುಪಿ (೧೮೫೪) ಹೀಗೆ ಕೇಂದ್ರಗಳು ಹೆಚ್ಚುತ್ತ ಹೋದವು. ಮಲಬಾರಿನ ತಲಶ್ಶೇರಿ, ಕಣ್ಣೂರು, ಕಲ್ಲಿಕೋಟೆಗಳೂ ಇದೇ ಮಿಶನ್ನಿನ ಕ್ಷೇತ್ರಗಳಾಗಿದ್ದವು.

ಮಿಶನರಿಗಳ ಪರಿಭಾಷೆಯಲ್ಲಿ ಕೇಂದ್ರ ಎಂದರೆ ಕೇವಲ ಪ್ರಾರ್ಥನಾ ಮಂದಿರವಲ್ಲ. ಒಂದು ಬಂಗಲೆ, ಅದರ ಸುತ್ತಲಿನ ಹಿತ್ತಿಲು, ಶಾಲೆ, ಮಕ್ಕಳ ವಸತಿಗೃಹ, ಕೆಲವೆಡೆ ಕಸುಬಿನ ಶಾಲೆ, ಉಪದೇಶಿಗಳ ಮನೆಗಳು, ಕೊನೆಗೆ ಒಂದು ಸ್ಮಶಾನ ಇವೆಲ್ಲ ಸೇರಿದರೆ ಅದು ಕೇಂದ್ರ. ಬಂಡಿ ಮತ್ತು ಕುದುರೆಗಳೇ ಸಾಧನವಾಗಿದ್ದ ಕಾಲದಲ್ಲಿ ಘಟ್ಟ ಹತ್ತಿ ಧಾರವಾಡ ಸೀಮೆಗೋ ಮಡಿಕೇರಿಗೋ ಹೋದವನು ಮಳೆಗಾಲದ ತಿಂಗಳುಗಳಲ್ಲಿ ಹೊರಜಗತ್ತಿನಿಂದ ಬಹುಮಟ್ಟಿಗೆ ದೂರವಾಗುತ್ತಿದ್ದ. ಇಂಥ ಸ್ಥಳದಲ್ಲಿ ಮನೆ ಎನ್ನುವುದು ಕೆಲಸ ಮುಗಿಸಿ ಮರಳುವ ತಾಣವಾಗಿರಲಿಲ್ಲ. ಮನೆಯೇ ಕೆಲಸದ ಕೇಂದ್ರವಾಗಿತ್ತು. ಪ್ರವಚನಕ್ಕಾಗಿ ಹಳ್ಳಿಗಳಲ್ಲಿ ತಿರುಗುತ್ತಿದ್ದ ಮಿಶನರಿ ಊರಿನಲ್ಲಿ ಇಲ್ಲದಿರುವಾಗಲೂ ಕೇಂದ್ರ ನಡೆಯುತ್ತಲೇ ಇರಬೇಕಿತ್ತು. ಅದನ್ನು ನಡೆಸುವವಳು ಮಿಶನರಿಯ ಪತ್ನಿ.

೨. ಸಮಿತಿ ಒಪ್ಪಿದ ಮದುವೆ

ಬಾಸೆಲ್ ಮಿಶನ್ನಿಗೆ ಸೇರುತ್ತಿದ್ದವರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರದೇಶದ ರೈತ ಹಾಗೂ ಕುಶಲಕರ್ಮಿ ಕುಟುಂಬಗಳ ಯುವಕರು. ಅಲ್ಲಿನ ಪಯಟಿಸ್ಟ್ ಪಂಥದ ಶಿಸ್ತು ಮಿಶನ್ನಿನ ಆಡಳಿತದಲ್ಲಿಯೂ ಹಾಸುಹೊಕ್ಕಾಗಿತ್ತು. ನಿಯಮದಂತೆ ಮಿಶನರಿ ಅವಿವಾಹಿತನಾಗಿಯೇ ಹೊರಡಬೇಕು. ಸಾಮಾನ್ಯವಾಗಿ ಎರಡು ವರ್ಷ ಸೇವೆ ಸಲ್ಲಿಸಿ, ಭಾಷೆ ಕಲಿತು, ಹವೆಗೆ ಒಗ್ಗಿಕೊಂಡ ನಂತರವೇ ಆತ ವಿವಾಹಕ್ಕೆ ಅನುಮತಿ ಕೋರಬಹುದಿತ್ತು. ಮದುವೆಯಾಗಬಹುದೇ ಎಂಬ ಪ್ರಶ್ನೆಯಷ್ಟೇ ಅಲ್ಲ, ಯಾರನ್ನು ಮದುವೆಯಾಗಬಹುದು ಎಂಬುದೂ ಸಮಿತಿಯ ತೀರ್ಮಾನಕ್ಕೆ ಒಳಪಟ್ಟಿತ್ತು. ವಧುವಿನ ಆರೋಗ್ಯ, ಸ್ವಭಾವ, ಧರ್ಮನಿಷ್ಠೆ, ತಂದೆತಾಯಿಗಳ ಒಪ್ಪಿಗೆ ಎಲ್ಲವನ್ನೂ ವಿಚಾರಿಸಿ ಸಮಿತಿ ಸಮ್ಮತಿಸಬೇಕಿತ್ತು.

ಇದರ ಪರಿಣಾಮವಾಗಿ ಅನೇಕ ಮದುವೆಗಳು ವಧೂವರರು ಪರಸ್ಪರ ಸರಿಯಾಗಿ ನೋಡಿಯೇ ಇರದ ಸ್ಥಿತಿಯಲ್ಲಿ ನಿಶ್ಚಯವಾದವು. ಮಿಶನರಿಯ ಅಕ್ಕತಂಗಿಯರು, ಊರಿನ ಪಾದ್ರಿ, ಮಿಶನ್ನಿನ ಅಧಿಕಾರಿ ಇವರಲ್ಲಿ ಯಾರಾದರೂ ಹೆಣ್ಣನ್ನು ಸೂಚಿಸುತ್ತಿದ್ದರು. ಪತ್ರದ ಮೂಲಕ ಪ್ರಸ್ತಾಪ ಹೋಗುತ್ತಿತ್ತು. ಒಪ್ಪಿದ ಯುವತಿ ಇತರ ಮಿಶನರಿಗಳ ಜೊತೆಗೂಡಿ ಹಡಗೇರಿ, ಇಳಿದ ಕೆಲವೇ ದಿನಗಳಲ್ಲಿ ಮದುವೆಯಾಗಿ, ಹೆಸರನ್ನೂ ಕೇಳಿರದ ಊರಿಗೆ ಗೃಹಿಣಿಯಾಗಿ ಹೋಗುತ್ತಿದ್ದಳು. ದಾಗ್ಮಾರ್ ಕೊನ್ರಾಡ್ ಅವರು ೨೦೦೧ರಲ್ಲಿ ಪ್ರಕಟಿಸಿದ 'ಮಿಶನ್ ವಧುಗಳು' ಎಂಬರ್ಥದ ಶೀರ್ಷಿಕೆಯ ಜರ್ಮನ್ ಅಧ್ಯಯನವು ಇಂಥ ಸ್ತ್ರೀಯರ ಪತ್ರ, ದಿನಚರಿಗಳನ್ನು ಆಧರಿಸಿದೆ.

ಹಿರಿಯರು ಗೊತ್ತುಮಾಡಿದ ಮದುವೆ ಕನ್ನಡ ಓದುಗರಿಗೆ ಹೊಸದಲ್ಲ. ಇಲ್ಲಿ ಗಮನಾರ್ಹವಾದುದು ಬೇರೆ. ಮಿಶನರಿಗಳು ಭಾರತೀಯ ಕುಟುಂಬವನ್ನು ಕುರಿತು ಟೀಕಿಸುವಾಗ ಬಾಲ್ಯವಿವಾಹವನ್ನೂ ಸ್ತ್ರೀಯರ ಪರಾಧೀನತೆಯನ್ನೂ ಮುಖ್ಯವಾಗಿ ಎತ್ತಿ ಹೇಳುತ್ತಿದ್ದರು. ಅದೇ ಕಾಲದಲ್ಲಿ ಅವರ ಸ್ವಂತ ವಿವಾಹಗಳು ಕುಲದ ಹಿರಿಯರ ಬದಲು ಒಂದು ಸಂಸ್ಥೆಯ ಹಿರಿಯರ ಅಧೀನದಲ್ಲಿದ್ದವು. ಈ ಹೋಲಿಕೆಯಿಂದ ಎರಡೂ ವ್ಯವಸ್ಥೆಗಳು ಒಂದೇ ಎಂದು ಹೇಳಲಾಗದು. ವಯಸ್ಕಳಾದ ವಧುವಿಗೆ ನಿರಾಕರಿಸುವ ಅವಕಾಶವಿತ್ತು. ಆದರೆ ಮಿಶನರಿಯ ಗೃಹಜೀವನವನ್ನು ಸ್ವತಂತ್ರ ಆಧುನಿಕ ಕುಟುಂಬದ ಮಾದರಿ ಎಂದು ಸರಳವಾಗಿ ಗ್ರಹಿಸುವುದು ಸಾಧುವಲ್ಲ.

೩. ಬಂಗಲೆಯ ಒಳಗಿನ ದುಡಿಮೆ

ಮಿಶನರಿಯ ಪತ್ನಿಯನ್ನು ಮಿಶನ್ನಿನ ಭಾಷೆಯಲ್ಲಿ 'ಸಹಾಯಕಿ' ಎಂದು ಪರಿಗಣಿಸಲಾಗುತ್ತಿತ್ತು. ಕೇಂದ್ರದ ಆಡಳಿತ ಸಭೆಯಲ್ಲಿ ಆಕೆಗೆ ಮತವಿರಲಿಲ್ಲ. ಆದರೆ ಹೆಣ್ಣುಮಕ್ಕಳ ಶಾಲೆ, ಅನಾಥ ಬಾಲಕಿಯರ ವಸತಿಗೃಹ, ಹೊಲಿಗೆ ಮತ್ತು ಕಸೂತಿಯ ಪಾಠ, ರೋಗಿಗಳ ಆರೈಕೆ, ಮತಾಂತರಿತ ಸ್ತ್ರೀಯರಿಗೆ ಓದು ಕಲಿಸುವುದು ಇವೆಲ್ಲ ಆಕೆಯ ಹೊಣೆಯಾಗಿದ್ದವು. ಪುರುಷ ಮಿಶನರಿಗೆ ಪ್ರವೇಶವಿಲ್ಲದ ಮನೆಯ ಒಳಭಾಗಕ್ಕೆ ಹೋಗಬಲ್ಲವಳು ಆಕೆಯೊಬ್ಬಳೇ ಆಗಿದ್ದಳು.

ಇದಕ್ಕೆ ಉತ್ತಮ ನಿದರ್ಶನ ಜೂಲಿ ಗುಂಡರ್ಟ್. ಫ್ರೆಂಚ್ ಮಾತನಾಡುವ ಸ್ವಿಸ್ ಪ್ರದೇಶದ ಈಕೆ ೧೮೩೬ರಲ್ಲಿ ಭಾರತಕ್ಕೆ ಬಂದವರು. ೧೮೩೮ರಲ್ಲಿ ಹರ್ಮನ್ ಗುಂಡರ್ಟ್ ಅವರನ್ನು ವಿವಾಹವಾಗಿ ಮರುವರ್ಷ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿ, ಅಲ್ಲಿ ಹೆಣ್ಣುಮಕ್ಕಳ ಶಾಲೆ ಮತ್ತು ವಸತಿಗೃಹವನ್ನು ನಡೆಸಿದರು. ಮಲಯಾಳ ನಿಘಂಟಿನ ಕರ್ತೃವಾಗಿ ಗುಂಡರ್ಟ್ ಪ್ರಸಿದ್ಧರು. ಅವರು ನಿಘಂಟಿಗಾಗಿ ಪದ ಸಂಗ್ರಹಿಸುತ್ತಿದ್ದ ಮನೆಯಲ್ಲಿ ಅದೇ ಭಾಷೆಯ ಬಾಲಕಿಯರು ಉಂಡು, ಕಲಿತು, ಬೆಳೆಯುತ್ತಿದ್ದರು. ಕನ್ನಡ ಪ್ರದೇಶದ ಕೇಂದ್ರಗಳಲ್ಲಿಯೂ ಇದೇ ವ್ಯವಸ್ಥೆ ಇತ್ತು. ಮುನ್ಷಿಯಿಂದ ಗ್ರಾಂಥಿಕ ಕನ್ನಡವನ್ನು ಕಲಿತ ಮಿಶನರಿಯ ಹೆಸರು ಗ್ರಂಥಗಳ ಮೇಲೆ ಅಚ್ಚಾಯಿತು. ಅಡುಗೆಮನೆ, ಹಿತ್ತಿಲು, ಹೊಲಿಗೆಯ ತರಗತಿಗಳಲ್ಲಿ ಆಡುಮಾತನ್ನು ಕಲಿತ ಆತನ ಪತ್ನಿಯ ಭಾಷಾಜ್ಞಾನ ಯಾವ ಗ್ರಂಥದ ಮುಖಪುಟಕ್ಕೂ ಬರಲಿಲ್ಲ. ಅದರ ಕುರುಹುಗಳನ್ನು ಹುಡುಕಬೇಕಾದದ್ದು ಪತ್ರಗಳಲ್ಲಿ.

೪. ಸಮುದ್ರದಾಚೆಯ ಮಕ್ಕಳು

ಮಿಶನ್ ಕುಟುಂಬದ ಅತ್ಯಂತ ಕಠಿಣವಾದ ಅನುಭವ ಮಕ್ಕಳಿಗೆ ಸಂಬಂಧಿಸಿದ್ದು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬರುವ ಹೊತ್ತಿಗೆ, ಅಂದರೆ ಸುಮಾರು ಆರು ವರ್ಷಕ್ಕೆ, ಯುರೋಪಿಗೆ ಕಳುಹಿಸಬೇಕೆಂಬ ಪದ್ಧತಿ ೧೮೫೩ರಲ್ಲಿ ನಿಯಮದ ರೂಪ ಪಡೆಯಿತು. ಯೋಸೆಫ್ ಯೋಸೆನ್‌ಹಾನ್ಸ್ ಆಗ ಮಿಶನ್ನಿನ ಮುಖ್ಯಾಧಿಕಾರಿ. ಇಂಥ ಮಕ್ಕಳಿಗಾಗಿ ಬಾಸೆಲ್‌ನಲ್ಲಿ 'ಮಕ್ಕಳ ಮನೆ' ಎಂಬ ವಸತಿ ವ್ಯವಸ್ಥೆ ಏರ್ಪಟ್ಟಿತು. ಬಂಧುಗಳ ಮನೆಯಲ್ಲಿ ಬೆಳೆದವರೂ ಉಂಟು. ತಂದೆತಾಯಿಗಳು ರಜೆಯ ಮೇಲೆ ಯುರೋಪಿಗೆ ಮರಳುವುದು ಅನೇಕ ವರ್ಷಗಳಿಗೊಮ್ಮೆ ಮಾತ್ರ. ಹೀಗಾಗಿ ಆರನೆಯ ವಯಸ್ಸಿನಲ್ಲಿ ಬೀಳ್ಕೊಟ್ಟ ಮಗುವನ್ನು ತಾಯಿ ಮತ್ತೆ ಕಾಣುವ ವೇಳೆಗೆ ಅದು ಪ್ರಾಯಕ್ಕೆ ಬಂದಿರುತ್ತಿತ್ತು. ಕೆಲವರು ಮತ್ತೆ ಕಾಣಲೇ ಇಲ್ಲ.

ಈ ನಿಯಮಕ್ಕೆ ಕೊಡಲಾಗುತ್ತಿದ್ದ ಕಾರಣಗಳು ಮೂರು. ಉಷ್ಣವಲಯದ ಹವೆ ಮತ್ತು ಕಾಯಿಲೆಗಳು ಮೊದಲನೆಯದು. ಯೋಗ್ಯ ಶಾಲೆಯ ಅಭಾವ ಎರಡನೆಯದು. ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ಸ್ಥಳೀಯ ಸೇವಕರ ಕೈಯಲ್ಲಿ ಬೆಳೆಯುವ ಮಗು ಅವರ ಭಾಷೆ, ನಡವಳಿಕೆಗಳನ್ನು ತನ್ನದಾಗಿಸಿಕೊಳ್ಳುತ್ತದೆ ಎಂಬ ಆತಂಕ ಅದು. ಇಲ್ಲಿ ಒಂದು ವೈರುಧ್ಯ ಸ್ಪಷ್ಟವಾಗಿ ಕಾಣುತ್ತದೆ. ತಂದೆ ಕನ್ನಡವನ್ನು ಮಾತೃಭಾಷೆಯಂತೆ ಕಲಿಯಬೇಕೆಂಬುದು ಮಿಶನ್ನಿನ ಅಪೇಕ್ಷೆ. ಆಯಾಳ ತೊಡೆಯ ಮೇಲೆ ಮಗು ಅದೇ ಕನ್ನಡವನ್ನು ನಿಜಕ್ಕೂ ಮಾತೃಭಾಷೆಯಾಗಿ ಕಲಿತರೆ ಮಿಶನ್ನಿಗೆ ಭಯ. ಭಾಷೆ ಸಾಧನವಾಗಿ ಸ್ವೀಕಾರ್ಯ, ಸಂಸ್ಕಾರವಾಗಿ ಅಲ್ಲ. ವಸಾಹತು ಕಾಲದ ಭಾಷಾ ಸಂಬಂಧಗಳನ್ನು ಚರ್ಚಿಸುವವರು ನಿಘಂಟು, ವ್ಯಾಕರಣಗಳ ಜೊತೆಗೆ ಈ ನಿಯಮವನ್ನೂ ಗಮನಿಸುವುದು ಅಗತ್ಯ.

ನಿಯಮ ಬರುವ ಮೊದಲೂ ಪದ್ಧತಿ ಇತ್ತು ಎಂಬುದಕ್ಕೆ ಗುಂಡರ್ಟ್ ದಂಪತಿಗಳ ಮಗಳು ಮೇರಿಯ ಜೀವನ ಸಾಕ್ಷಿ. ೧೮೪೨ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಈಕೆಯನ್ನು ತಂದೆತಾಯಿಗಳು ೧೮೪೬ರಲ್ಲಿ ಯುರೋಪಿಗೆ ಕರೆದೊಯ್ದು, ಅಲ್ಲಿಯೇ ಬಿಟ್ಟು ಭಾರತಕ್ಕೆ ಮರಳಿದರು. ಆಕೆ ಮತ್ತೆ ಭಾರತಕ್ಕೆ ಬಂದು ತಾಯಿಯನ್ನು ಕಂಡದ್ದು ೧೮೫೭ರಲ್ಲಿ, ಹದಿನೈದರ ಹರೆಯದಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಈಕೆಯ ಮಗ. ಮೇರಿಯ ಪತ್ರ ಹಾಗೂ ದಿನಚರಿಗಳನ್ನು ಆಕೆಯ ಮಗಳು ಅಡೆಲೆ ಸಂಕಲಿಸಿ ೧೯೩೪ರಲ್ಲಿ ಪ್ರಕಟಿಸಿದರು. ಮಿಶನ್ನಿನ ಚರಿತ್ರೆಯನ್ನು ಮಗಳೊಬ್ಬಳ ಕಣ್ಣಿನಿಂದ ನೋಡಲು ದೊರೆಯುವ ಅಪರೂಪದ ಆಕರ ಇದು.

೫. ಮತಾಂತರಿತರ ಕುಟುಂಬ

ಮಿಶನರಿಯ ಕುಟುಂಬವನ್ನು ದೂರ ಬೇರ್ಪಡಿಸಿದರೆ, ಮತಾಂತರಿತನ ಕುಟುಂಬವನ್ನು ಬೇರ್ಪಡಿಸಿದ್ದು ಅದೇ ಊರಿನ ಒಂದು ಹೊಸ್ತಿಲು. ೧೮೪೪ರ ಜನವರಿಯಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಮೂವರು ಬ್ರಾಹ್ಮಣ ಯುವಕರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಮೊಗ್ಲಿಂಗ್ ಅವರೊಡನೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಶಿಕ್ಷಣ ಪಡೆದು, ೧೮೫೧ರಲ್ಲಿ ಅಲ್ಲಿಯೇ ಗುರುದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಬಾಲ್ಯದಲ್ಲಿಯೇ ಮದುವೆಯಾಗಿದ್ದ ಪತ್ನಿ ಅವರ ಮನೆಗೆ ಬರಲಿಲ್ಲ. ೧೮೬೦ರಲ್ಲಿ ಅವರು ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾದರು. ಅಂದಿನ ಕಾಲಕ್ಕೆ ಇದು ವಿರಳವಾದ ಸಂಬಂಧ. ಚರಿತ್ರೆಯ ಪುಟಗಳಲ್ಲಿ ಕೌಂಡಿನ್ಯರ ಧೈರ್ಯ ವರ್ಣಿತವಾಗಿದೆ. ಗಂಡನ ನಿರ್ಧಾರದಿಂದ ಸಧವೆಯೂ ಅಲ್ಲದ, ವಿಧವೆಯೂ ಅಲ್ಲದ ಸ್ಥಿತಿಗೆ ಬಂದ ಹೆಣ್ಣಿನ ಕಡೆಯಿಂದ ಈ ಘಟನೆಯನ್ನು ಓದುವ ಪ್ರಯತ್ನಗಳು ಕಡಮೆ. ಇಂಥ ಸಂದರ್ಭಗಳಲ್ಲಿ ಹಿಂದಿನ ವಿವಾಹವನ್ನು ಕಾನೂನಿನ ಮೂಲಕ ರದ್ದುಪಡಿಸಲು ದಾರಿ ಮಾಡಿದ ಮತಾಂತರಿತರ ವಿವಾಹ ವಿಚ್ಛೇದನ ಕಾಯಿದೆ ಬಂದದ್ದು ೧೮೬೬ರಲ್ಲಿ ಮಾತ್ರ.

ತುಳುನಾಡಿನಲ್ಲಿ ಸಮಸ್ಯೆ ಇನ್ನೂ ಆಳವಾಗಿತ್ತು. ಇಲ್ಲಿ ಬಾಸೆಲ್ ಮಿಶನ್ ಸೇರಿದವರಲ್ಲಿ ಬಿಲ್ಲವ ಸಮುದಾಯದವರು ಹೆಚ್ಚು. ಅಳಿಯಕಟ್ಟಿನ ಪ್ರಕಾರ ಆಸ್ತಿ ಸೋದರಿಯ ಮಕ್ಕಳಿಗೆ ಹೋಗುತ್ತಿತ್ತು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಮನೆಯ ಯಜಮಾನಿಕೆ ಸೋದರಮಾವನದಾಗಿತ್ತು. ತಂದೆ, ತಾಯಿ, ಮಕ್ಕಳು ಒಂದೇ ಸೂರಿನಡಿ ತಂದೆಯ ಅಧಿಕಾರದಲ್ಲಿ ಇರಬೇಕೆಂಬ ಮಿಶನ್ನಿನ ಕುಟುಂಬ ಕಲ್ಪನೆಗೂ ಇದಕ್ಕೂ ಹೊಂದಾಣಿಕೆ ಇರಲಿಲ್ಲ. ಆದುದರಿಂದ ಇಲ್ಲಿ ಮತಾಂತರವೆಂದರೆ ಆರಾಧನೆಯ ಬದಲಾವಣೆ ಮಾತ್ರವಲ್ಲ, ಮಾತೃಮೂಲೀಯ ಕುಟುಂಬದಿಂದ ಪಿತೃಮೂಲೀಯ ಕುಟುಂಬಕ್ಕೆ ಆದ ಸ್ಥಿತ್ಯಂತರ. ಹೆಣ್ಣಿಗೆ ಶಾಲೆಯ ಬಾಗಿಲು ತೆರೆಯಿತು. ಜೊತೆಗೆ ತವರಿನಲ್ಲಿ ಆಕೆಗಿದ್ದ ನೆಲೆ ಸಡಿಲವಾಯಿತು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾಗುತ್ತದೆ.

ಭೂಮಿಯ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿತ್ತು. ಒಕ್ಕಲು ಹಿಡಿದ ಭೂಮಿಯೊಂದಿಗೆ ಭೂತಾರಾಧನೆಯ ಕರ್ತವ್ಯಗಳು ಸೇರಿರುತ್ತಿದ್ದವು. ಅವುಗಳನ್ನು ನಿರಾಕರಿಸಿದವನು ಗೇಣಿಯ ನೆಲವನ್ನೂ ಕಳೆದುಕೊಳ್ಳುವ ಸಂಭವವಿತ್ತು. ಮತಾಂತರದಿಂದ ಆಸ್ತಿಯ ಹಕ್ಕು ನಾಶವಾಗದೆಂದು ೧೮೫೦ರ ಕಾಯಿದೆ ಹೇಳಿತು. ಆದರೆ ಪಂಕ್ತಿಯ ಊಟ, ಬಾವಿಯ ನೀರು, ದೈವದ ಚಾವಡಿ, ಹೆಣ್ಣುಗಂಡಿನ ಸಂಬಂಧ ಇವುಗಳನ್ನು ಯಾವ ಕಾಯಿದೆಯೂ ದೊರಕಿಸಿಕೊಡಲಾರದು. ಇಂತಹ ಕುಟುಂಬಗಳಿಗಾಗಿ ಮಿಶನ್ ಭೂಮಿ ಕೊಂಡು ಮನೆ ಕಟ್ಟಿಸಿತು, ಕಸುಬು ಒದಗಿಸಿತು. ೧೮೫೧ರಲ್ಲಿ ಬಂದ ಹಾಲರ್ ಅವರ ನೇತೃತ್ವದಲ್ಲಿ ಬೆಳೆದ ನೇಯ್ಗೆಯ ಶಾಲೆ, ೧೮೬೫ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಇವನ್ನು ಕೈಗಾರಿಕಾ ಚರಿತ್ರೆಯ ಭಾಗವಾಗಿಯಷ್ಟೇ ನೋಡಿದರೆ ಸಾಲದು. ಕುಟುಂಬದ ಆಸರೆ ತಪ್ಪಿದವರಿಗೆ ಕೂಲಿಯ ಆಧಾರದ ಮೇಲೆ ಹೊಸ ಕುಟುಂಬ ಕಟ್ಟಿಕೊಡುವ ಪ್ರಯತ್ನವೂ ಅವುಗಳಲ್ಲಿತ್ತು. ಅಂತಹ ಕುಟುಂಬ ಸಂಸ್ಥೆಯ ಶಿಸ್ತಿಗೆ ಒಳಪಟ್ಟಿತ್ತು ಎಂಬುದೂ ಅಷ್ಟೇ ನಿಜ.

ಕೊಡಗಿನ ಚಿತ್ರ ತುಸು ಭಿನ್ನ. ಸ್ಟೀಫನಾಸ್ ಸೋಮಯ್ಯ ಎಂಬ ಮತಾಂತರಿತ ಕೊಡವರೊಡನೆ ಮೊಗ್ಲಿಂಗ್ ೧೮೫೩ರಲ್ಲಿ ಅಲ್ಲಿಗೆ ಹೋದರು. ಒಕ್ಕವೇ ಆಸ್ತಿ, ಆರಾಧನೆ, ವಾಸಗಳ ಮೂಲ ಘಟಕವಾಗಿದ್ದ ಕೊಡವ ಸಮಾಜದಲ್ಲಿ ಒಬ್ಬ ವ್ಯಕ್ತಿ ಮಾತ್ರ ಹೊರಬರುವುದಕ್ಕೆ ಅರ್ಥವಿರಲಿಲ್ಲ. ಅಲ್ಲಿ ಮಿಶನ್ ಕೊಡವರ ನಡುವೆ ವ್ಯಾಪಕವಾಗಿ ಬೆಳೆಯಲಿಲ್ಲ. ಭೂಮಾಲೀಕರಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಹೊಲೆಯ ಸಮುದಾಯದವರು ಅದರ ಕಡೆಗೆ ಬಂದರು. ೧೮೪೩ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದರೂ ಆಳುಗಳ ಬದುಕು ಒಡೆಯನ ಭೂಮಿಗೆ ಅಂಟಿಕೊಂಡೇ ಇತ್ತು. ಅವರಿಗಾಗಿ ಮೊಗ್ಲಿಂಗ್ ೧೮೫೦ರ ದಶಕದ ಕೊನೆಯಲ್ಲಿ ಆನಂದಪುರ ಎಂಬ ವಸಾಹತನ್ನು ಸ್ಥಾಪಿಸಿದರು. ಮಂಗಳೂರಿನ ಕೌಂಡಿನ್ಯರಿಗೆ ಮತಾಂತರವು ಮನೆಯನ್ನು ಕಳೆಯಿತು; ಆನಂದಪುರದ ಆಳುಮಕ್ಕಳಿಗೆ ತಮ್ಮದೆನ್ನುವ ಮನೆಯನ್ನು ಕೊಟ್ಟಿತು. ಜಾತಿಯ ಮೇಲುಕೀಳಿಗೆ ಅನುಗುಣವಾಗಿ ಒಂದೇ ಘಟನೆಯ ಅರ್ಥ ಹೀಗೆ ಬೇರೆಯಾಗುತ್ತದೆ.

೬. ಕೃತಿಗಳ ಹಿಂದಿನ ಮನೆ

ಈ ಹಿನ್ನೆಲೆಯಲ್ಲಿ ಕನ್ನಡ ವಿದ್ವತ್ತಿನ ಪರಿಚಿತ ಹೆಸರುಗಳನ್ನು ಮತ್ತೆ ನೋಡಬಹುದು. ೧೮೩೬ರಲ್ಲಿ ಬಂದ ಮೊಗ್ಲಿಂಗ್ ದೀರ್ಘಕಾಲ ಅವಿವಾಹಿತರಾಗಿದ್ದು, ಬಲ್ಮಠದ ವಿದ್ಯಾರ್ಥಿಗಳ ನಡುವೆ ಬದುಕಿದವರು. ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ, ಬೈಬಲಿನ ಕನ್ನಡ ಅನುವಾದದಲ್ಲಿ ಶ್ರಮಿಸಿದ ಗಾಟ್‌ಫ್ರೀಡ್ ವೈಗ್ಲೆ ೧೮೫೫ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ವೈಗ್ಲೆಯ ವಿಧವೆ ಪೌಲೀನಾ ಮುಂದೆ ಮೊಗ್ಲಿಂಗ್ ಅವರ ಪತ್ನಿಯಾದರು. ಕನ್ನಡಕ್ಕೆ ದುಡಿದ ಇಬ್ಬರು ವಿದ್ವಾಂಸರ ಮನೆಯನ್ನು ನಡೆಸಿದ ಈ ಮಹಿಳೆಯ ಅನಾರೋಗ್ಯದ ಕಾರಣದಿಂದಲೇ ಮೊಗ್ಲಿಂಗ್ ೧೮೬೦ರಲ್ಲಿ ಕೊಡಗನ್ನು ಬಿಟ್ಟು ಸ್ವದೇಶಕ್ಕೆ ಮರಳಬೇಕಾಯಿತು. ಅವರು ಮತ್ತೆ ಭಾರತಕ್ಕೆ ಬರಲಿಲ್ಲ.

ಕಿಟೆಲ್ ಅವರ ಬದುಕು ಇದಕ್ಕಿಂತ ತೀಕ್ಷ್ಣವಾದ ನಿದರ್ಶನ. ೧೮೫೩ರಲ್ಲಿ ಬಂದ ಅವರು ೧೮೬೦ರಲ್ಲಿ ಪೌಲೀನಾ ಐತ್ ಅವರನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ, ೧೮೬೪ರಲ್ಲಿ, ಆಕೆ ಮಂಗಳೂರಿನಲ್ಲಿ ನಿಧನರಾದರು. ಇಬ್ಬರು ಗಂಡುಮಕ್ಕಳು ತಾಯಿಯಿಲ್ಲದವರಾದರು. ೧೮೬೭ರಲ್ಲಿ ಆಕೆಯ ತಂಗಿ ಜೂಲಿಯನ್ನು ಕಿಟೆಲ್ ಮದುವೆಯಾದರು. ಅಕ್ಕನ ಮನೆಯನ್ನು ತಂಗಿ ತುಂಬುವ ಪದ್ಧತಿ ಕನ್ನಡನಾಡಿಗೂ ಪರಿಚಿತವೇ. ೧೮೭೭ರಲ್ಲಿ ಕುಟುಂಬದೊಡನೆ ಜರ್ಮನಿಗೆ ಮರಳಿದ ಅವರು, ನಿಘಂಟಿನ ಕೆಲಸವನ್ನು ಪೂರೈಸುವುದಕ್ಕಾಗಿ ೧೮೮೩ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಬಂದರು. ಮತ್ತೆ ಮನೆಗೆ ಹೋದದ್ದು ೧೮೯೨ರಲ್ಲಿ. ಸುಮಾರು ೭೦,೦೦೦ ಪದಗಳ ಆ ನಿಘಂಟನ್ನು ಒಬ್ಬ ವಿದ್ವಾಂಸನ ತಪಸ್ಸು ಎಂದು ಕರೆಯುವುದು ರೂಢಿಯಾಗಿದೆ. ಆ ತಪಸ್ಸಿಗಾಗಿ ಒಂಬತ್ತು ವರ್ಷ ಮನೆಯ ಹೊಣೆಯನ್ನು ಒಬ್ಬಳೇ ಹೊತ್ತ ಜೂಲಿ ಕಿಟೆಲ್ ಅವರ ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕೃತಿಯ ಇತಿಹಾಸ ಅಪೂರ್ಣವಾಗುತ್ತದೆ.

ಕೇಂದ್ರಗಳಲ್ಲಿ ನೆಲೆನಿಂತ ಸ್ಥಳೀಯ ಕ್ರೈಸ್ತ ಕುಟುಂಬಗಳೂ ಕನ್ನಡಕ್ಕೆ ತಮ್ಮದೇ ವಿದ್ವಾಂಸರನ್ನು ಕೊಟ್ಟವು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ, ೧೯೪೯ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (೧೮೮೧-೧೯೬೨) ಇಂಥ ಪರಂಪರೆಯವರು. ಸಮುದ್ರದಾಚೆ ಕಳುಹಿಸಲ್ಪಟ್ಟ ಮಿಶನರಿಗಳ ಮಕ್ಕಳಿಗೆ ದೊರಕದೆ ಹೋದ ಕನ್ನಡ, ಇಲ್ಲಿಯೇ ಉಳಿದ ಸಭೆಯವರ ಮಕ್ಕಳಿಗೆ ಮನೆಯ ಮಾತಾಗಿ ದೊರಕಿತು. ಮಿಶನ್ ವಿದ್ವತ್ತಿಗಿದ್ದ ಹೊರಗಿನವರ ನೋಟ ಉತ್ತಂಗಿಯವರಲ್ಲಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಉಪಸಂಹಾರ

ಮೊದಲ ಮಹಾಯುದ್ಧವು ಈ ವ್ಯವಸ್ಥೆಗೆ ಅನಿರೀಕ್ಷಿತ ಅಂತ್ಯವನ್ನು ತಂದಿತು. ೧೯೧೪ರ ನಂತರ ಜರ್ಮನ್ ಪ್ರಜೆಗಳಾಗಿದ್ದ ಮಿಶನರಿಗಳನ್ನು ಶತ್ರುರಾಷ್ಟ್ರದವರೆಂದು ಅಹಮದ್‌ನಗರದ ಶಿಬಿರದಲ್ಲಿ ಇರಿಸಲಾಯಿತು. ೧೯೧೫-೧೬ರಲ್ಲಿ 'ಗೋಲ್ಕೊಂಡ' ಹಡಗಿನಲ್ಲಿ ಸ್ತ್ರೀಯರು ಮಕ್ಕಳು ಸಹಿತ ಅನೇಕರನ್ನು ಯುರೋಪಿಗೆ ಕಳುಹಿಸಲಾಯಿತು. ಮಿಶನ್ನಿನ ಸಮಿತಿ ಎಂಟು ದಶಕಗಳ ಕಾಲ ಕಟ್ಟುತ್ತ, ಬೇರ್ಪಡಿಸುತ್ತ ಬಂದ ಮನೆಗಳನ್ನು ಈ ಸಲ ಸರ್ಕಾರವೊಂದು ತೆರವುಗೊಳಿಸಿತು.

ಬಾಸೆಲ್ ಮಿಶನ್ನಿನ ಕೆಲಸವನ್ನು ಸೇವೆ ಎಂದು ಕೊಂಡಾಡುವ, ಇಲ್ಲವೆ ವಸಾಹತುಶಾಹಿಯ ಉಪಕರಣವೆಂದು ತಿರಸ್ಕರಿಸುವ ಎರಡು ನೆಲೆಗಳು ಕನ್ನಡ ವಿಮರ್ಶೆಯಲ್ಲಿವೆ. ಕುಟುಂಬದ ಕಡೆಯಿಂದ ನೋಡಿದಾಗ ಎರಡೂ ಅಪರ್ಯಾಪ್ತವೆನಿಸುತ್ತವೆ. ಮಗುವನ್ನು ಹಡಗಿಗೆ ಹತ್ತಿಸಿದ ಮಿಶನರಿಯ ಪತ್ನಿ, ಗಂಡನ ಹೊಸ ಧರ್ಮದಿಂದ ಒಂಟಿಯಾದ ಮಂಗಳೂರಿನ ಹೆಣ್ಣು, ಆನಂದಪುರದಲ್ಲಿ ಮೊದಲ ಬಾರಿಗೆ ಸ್ವಂತ ಒಲೆ ಹೂಡಿದ ಆಳುಮಗಳು ಇವರು ಮೂವರೂ ಒಂದೇ ಚರಿತ್ರೆಯ ಪಾತ್ರಗಳು. ಬಾಸೆಲ್‌ನಲ್ಲಿರುವ ಮಿಶನ್ ೨೧ ಸಂಸ್ಥೆಯ ದಫ್ತರದಲ್ಲಿಯೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಮಿಶನ್ನಿನ ದಾಖಲೆಗಳಿವೆ. ಕನ್ನಡ ಸಂಶೋಧಕರು ಅಲ್ಲಿ ಈವರೆಗೆ ಮುಖ್ಯವಾಗಿ ಗ್ರಂಥಗಳನ್ನು ಅರಸಿದ್ದಾರೆ. ಮನೆವಾರ್ತೆಯ ಪತ್ರಗಳನ್ನೂ ಸಭೆಗಳ ಜನನ, ವಿವಾಹ, ಮರಣಗಳ ದಾಖಲೆಗಳನ್ನೂ ಅಷ್ಟೇ ಆಸ್ಥೆಯಿಂದ ಓದಿದಾಗ, ಕನ್ನಡದ ಆಧುನಿಕ ವಿದ್ವತ್ತು ಯಾರ ಯಾರ ದುಡಿಮೆಯ ಮೇಲೆ, ಯಾರ ಯಾರ ಅಗಲಿಕೆಯ ಮೇಲೆ ನಿಂತಿದೆ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.